ಕೂಲಿ ಮುಗಿಸಿ ಕುಂಚ ಹಿಡಿದವರು

ಹುಲಿಗೆ ಹೆಸರಾದ ಬಾಂಧವಗಢ ಇರುವುದು ಮಧ್ಯಪ್ರದೇಶದ ಉಮರಿಯಾ ಜಿಲ್ಲೆಯಲ್ಲಿ. ಅದೇ ಜಿಲ್ಲೆಯ ಲೋಢಾ ಎಂಬ ಹಳ್ಳಿಯಲ್ಲಿ ಹುಲಿಗಳು ಕಾಗದದ ಮೇಲೆ ಸಿಗುತ್ತವೆ. ಅವು ಮೂಡಿದ ಜಾಗದ ಹೆಸರು ‘ಜನಗಣ ತಸ್ವೀರ್‌ಖಾನಾ’. 2008ರಲ್ಲಿ ಆರಂಭವಾದ ಈ ಚಿತ್ರಶಾಲೆಗೆ ಸೇರಲು ವಯಸ್ಸು ಅಡ್ಡಿಯಲ್ಲ, ಅಕ್ಷರ ಬರಬೇಕೆಂದೂ ಇಲ್ಲ.

ಇದನ್ನು ಕಟ್ಟಿದವರು ಶಾಂತಿನಿಕೇತನದಲ್ಲಿ ಕಲೆ ಕಲಿತ ಆಶಿಷ್ ಸ್ವಾಮಿ. 1980ರ ದಶಕದ ಆರಂಭದಲ್ಲಿ ಚಿತ್ರಕಲಾವಿದ ಜೆ. ಸ್ವಾಮಿನಾಥನ್ ಅವರ ಬಳಗ ಭೋಪಾಲದ ಭಾರತ ಭವನಕ್ಕಾಗಿ ಹಳ್ಳಿಗಳನ್ನು ಸುತ್ತಿ ಪಾಟನ್‌ಗಢದ ಗೊಂಡ ಆದಿವಾಸಿ ತರುಣ ಜನಗಢ ಸಿಂಗ್ ಶ್ಯಾಮ್‌ನನ್ನು ಕಂಡುಕೊಂಡಿತ್ತು. ಗೊಂಡ ಚಿತ್ರಕಲೆ ಹೊರಜಗತ್ತಿಗೆ ಪರಿಚಯವಾದದ್ದು ಆ ದಾರಿಯಲ್ಲಿ. ಗೊಂಡರ ನೆರೆಹೊರೆಯ ಬೈಗಾ ಆದಿವಾಸಿಗಳಿಗೆ ಈ ತಸ್ವೀರ್‌ಖಾನೆ ಬರುವವರೆಗೆ ಅಂಥ ಅವಕಾಶ ಒದಗಿರಲಿಲ್ಲ.

ಹಾಗೆಂದು ಬೈಗಾ ಕೈಗಳಿಗೆ ರೇಖೆ ಹೊಸದೇನಲ್ಲ. ಈ ಸಮುದಾಯದ ಹೆಂಗಸರ ಹಣೆ, ಬೆನ್ನು, ಕಾಲುಗಳ ತುಂಬ ಹಚ್ಚೆಯ ಗೀಟು, ಚುಕ್ಕಿಗಳಿರುತ್ತವೆ. ನೇಗಿಲು ಹೂಡಿದರೆ ಭೂಮಿತಾಯಿಯ ಎದೆ ಸೀಳಿದಂತೆ ಎಂದು ನಂಬಿ, ನಮ್ಮ ಮಲೆನಾಡಿನ ಕುಮರಿಯಂಥ ಬೇವರ್ ಬೇಸಾಯ ಮಾಡುತ್ತಿದ್ದವರು ಇವರು. ಕಾಡಿನ ಬಗ್ಗೆ ಹೇಳಲು ಇವರಲ್ಲಿ ಬೇಕಾದಷ್ಟಿತ್ತು. ಇರದಿದ್ದದ್ದು ಬಣ್ಣ, ಕಾಗದ, ಕೂತು ಬರೆಯುವಷ್ಟು ಬಿಡುವು.

ತಸ್ವೀರ್‌ಖಾನೆಗೆ ಹೆಸರು ತಂದ ಜೋಧೈಯಾ ಬಾಯಿ ಬೈಗಾ ಅಲ್ಲಿಗೆ ಬಂದಾಗ ಎಪ್ಪತ್ತರ ಹತ್ತಿರದಲ್ಲಿದ್ದರು. ಹದಿನಾಲ್ಕರ ಆಸುಪಾಸಿನಲ್ಲಿ ಮದುವೆ, ಮಕ್ಕಳು ಚಿಕ್ಕವರಿರುವಾಗಲೇ ಗಂಡನ ಸಾವು, ಆಮೇಲೆ ಹೊಟ್ಟೆಪಾಡಿಗೆ ಕೂಲಿನಾಲಿ. ಇಂಥ ಹೆಂಗಸಿನ ಮುಂದೆ ಮೊದಲ ದಿನವೇ ಕ್ಯಾನ್ವಾಸು ಹಿಡಿದರೆ ಕೈ ನಡುಗದೆ ಇದ್ದೀತೆ? ಆರಂಭದಲ್ಲಿ ಅವರು ಬಣ್ಣ ಹಚ್ಚಿದ್ದು ತರಕಾರಿಗಳ ಮೇಲೆ. ಅಲ್ಲಿಂದ ಮರಕ್ಕೆ, ಮರದಿಂದ ಕಾಗದಕ್ಕೆ ಬಂದರು. ಸೋರೆಕಾಯಿಯಂಥದನ್ನು ಜೀವಮಾನವಿಡೀ ಕೈಯಲ್ಲಿ ಹಿಡಿದವರಿಗೆ ಅದರ ಉಬ್ಬು ತಗ್ಗು ಗೊತ್ತೇ ಇರುತ್ತದೆ. ಹೊಸತೆಂದರೆ ಕುಂಚ ಒಂದೇ.

ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವುದು ಹುಲಿ, ಶಿವ, ಹಿಪ್ಪೆ ಮರ. ಬೈಗಾ ಜನರಿಗೆ ಹುಲಿ ಮೃಗವೂ ಹೌದು, ದೈವವೂ ಹೌದು. ಹಿಪ್ಪೆ, ಅವರ ಮಾತಿನ ಮಹುವಾ, ಊಟಕ್ಕೂ ಹೆಂಡಕ್ಕೂ ಹಬ್ಬಕ್ಕೂ ಬೇಕಾದ ಮರ. ಬೇಸಗೆಯ ಆರಂಭದಲ್ಲಿ ನಸುಕಿಗೇ ಎದ್ದು ಉದುರಿದ ಹೂವನ್ನು ಆರಿಸುವವರಿಗೆ ಆ ಮರದ ಬುಡವೂ ಕೊಂಬೆಯೂ ಕಣ್ಣಿಗೆ ಕಟ್ಟಿರುತ್ತದೆ. ಹಾಗಾಗಿ ಜೋಧೈಯಾ ಬಾಯಿಯ ಚಿತ್ರದಲ್ಲಿ ದೂರ ಹತ್ತಿರಗಳ ಲೆಕ್ಕಾಚಾರ ಕಾಣದು. ದಪ್ಪ ಗೆರೆಯ ಆಕಾರಗಳು, ನಡುವೆ ತುಂಬಿಕೊಂಡ ಬಣ್ಣ. ಮುಖ್ಯವಾದದ್ದು ದೊಡ್ಡದಾಗಿ ಕೂತಿರುತ್ತದೆ, ಉಳಿದದ್ದು ಅದರ ಸುತ್ತ ಜಾಗ ಮಾಡಿಕೊಳ್ಳುತ್ತದೆ.

2019ರಲ್ಲಿ ಈ ಚಿತ್ರಗಳು ಇಟಲಿಯ ಮಿಲಾನ್ ನಗರದಲ್ಲಿ ಪ್ರದರ್ಶನಗೊಂಡವು. 2021ರಲ್ಲಿ ಕೋವಿಡ್ ಆಶಿಷ್ ಸ್ವಾಮಿಯವರನ್ನು ಕೊಂಡೊಯ್ದಿತು. ಹೀಗಾಗಿ 2022ರ ಮಾರ್ಚ್‌ನಲ್ಲಿ ಶಿಷ್ಯೆ ನಾರಿಶಕ್ತಿ ಪುರಸ್ಕಾರ ಪಡೆದದ್ದನ್ನಾಗಲಿ, 2023ರಲ್ಲಿ ಪದ್ಮಶ್ರೀ ಸ್ವೀಕರಿಸಿದ್ದನ್ನಾಗಲಿ ನೋಡಲು ಗುರು ಇರಲಿಲ್ಲ. ಜೋಧೈಯಾ ಬಾಯಿ 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕುಂಚ ಹಿಡಿದು ಬದುಕಿದ್ದು ಹದಿನೈದು ವರ್ಷ ಚಿಲ್ಲರೆ. ಎಷ್ಟೋ ಕಲಾವಿದರ ಪೂರ್ತಿ ವೃತ್ತಿಬದುಕಿಗಿಂತ ತುಂಬಿದ ಕಾಲ ಅದು.

ಇಂಥವರ ಕತೆ ಕೇಳಿದಾಗ ‘ಎಪ್ಪತ್ತಕ್ಕೆ ಕಲಿತರಲ್ಲ!’ ಎಂದು ಬೆರಗಾಗುವುದು ಸಹಜ. ಆದರೆ ಎಪ್ಪತ್ತಕ್ಕೆ ಅವರು ಕಲಿತದ್ದು ಬಣ್ಣ ಕಲಸುವುದನ್ನಷ್ಟೇ. ಹುಲಿ, ಮರಗಳನ್ನು ನೋಡಿ ನೋಡಿ ಅರಗಿಸಿಕೊಂಡದ್ದು ಅದಕ್ಕೂ ಹಿಂದಿನ ಅಷ್ಟೂ ವರ್ಷಗಳಲ್ಲಿ. ನಮ್ಮಲ್ಲೂ ನಿವೃತ್ತಿಯ ನಂತರ ಚಿತ್ರದ ಕ್ಲಾಸಿಗೆ ಸೇರುವವರು ಬಹಳ ಮಂದಿ. ಅವರಲ್ಲಿ ಅನೇಕರು ಯಾರೋ ಬರೆದ ಹಿಮಾಲಯ, ಯಾರದೋ ಗುಲಾಬಿಯನ್ನು ನಕಲು ಮಾಡುವುದರಲ್ಲೇ ಸುಸ್ತಾಗುತ್ತಾರೆ. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ನೋಡಿದ ಮುಖಗಳಿಗೆ, ಅಡುಗೆಮನೆಯ ಕಿಟಕಿಯಿಂದ ದಿನವೂ ಕಂಡ ನುಗ್ಗೆಮರಕ್ಕೆ ಆ ಕ್ಲಾಸಿನಲ್ಲಿ ಜಾಗ ಸಿಕ್ಕರೆ, ತಡವಾಗಿ ಶುರು ಮಾಡಿದ್ದೇ ಅವರ ಬಂಡವಾಳವಾಗುತ್ತದೆ.