ಗೋಳೊಂದೇ ನಾಟಕವಲ್ಲ

ಸಮುದಾಯ ರಂಗಭೂಮಿ ಎಂದರೆ ಒಂದು ಊರಿನವರೋ ಒಂದು ಕಸುಬಿನವರೋ ತಾವೇ ಕೂಡಿ ಕಟ್ಟಿ, ಮೊದಲು ತಮ್ಮವರ ಎದುರಿಗೇ ಆಡುವ ನಾಟಕ. ಪ್ರಾತಿನಿಧ್ಯ ಎಂದರೆ ರಂಗದ ಮೇಲೆ ಯಾರು ಕಾಣಿಸಿಕೊಳ್ಳುತ್ತಾರೆ, ಹೇಗೆ ಕಾಣಿಸಿಕೊಳ್ಳುತ್ತಾರೆ, ಹಾಗೆ ಕಾಣಿಸಬೇಕೆಂದು ತೀರ್ಮಾನಿಸಿದವರು ಯಾರು ಎಂಬ ವಿಚಾರ. ವ್ಯಾಖ್ಯೆ ಇಷ್ಟು ಸಾಕು. ಜನ ಎಡವುವುದು ಇದರ ಮುಂದೆ.

ಹುಪರಿ, ಇಚಲಕರಂಜಿ, ಗಡಹಿಂಗ್ಲಜದ ಸುತ್ತಿನ ಓದುಗರಿಗೆ ನಾಟಕದ ರುಚಿಯನ್ನು ಹೊಸದಾಗಿ ಹತ್ತಿಸಬೇಕಿಲ್ಲ. 1842ರಲ್ಲಿ ಉತ್ತರ ಕನ್ನಡದ ಕಡೆಯ ಭಾಗವತ ಮೇಳವೊಂದು ಸಾಂಗಲಿಗೆ ಬಂದು ಆಡಿತು. ಅದನ್ನು ನೋಡಿದ ಅಲ್ಲಿನ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲೂ ಇಂಥದ್ದಾಗಲಿ ಎಂದರು. ಮರುವರ್ಷವೇ ವಿಷ್ಣುದಾಸ ಭಾವೆಯವರ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಕೊಲ್ಲಾಪುರದ ಕೇಶವರಾವ್ ಭೋಸಲೆ ತಮ್ಮ ಲಲಿತಕಲಾದರ್ಶ ಕಂಪನಿ ಕಟ್ಟಿದ್ದು 1908ರಲ್ಲಿ, ಹುಬ್ಬಳ್ಳಿಯಲ್ಲಿ. ಶಾಹೂ ಮಹಾರಾಜರು ಕೊಲ್ಲಾಪುರದಲ್ಲಿ 1915ರಲ್ಲಿ ಕಟ್ಟಿಸಿದ ಪ್ಯಾಲೇಸ್ ಥಿಯೇಟರಿಗೆ ಮುಂದೆ ಇದೇ ಕೇಶವರಾವ್ ಅವರ ಹೆಸರಿಟ್ಟರು. 2024ರ ಆಗಸ್ಟ್‌ನಲ್ಲಿ ಆ ರಂಗಮಂದಿರ ಬೆಂಕಿಗೆ ಆಹುತಿಯಾಯಿತು. ಕನ್ನಡ-ಮರಾಠಿ ಗಡಿ ಎಂಬುದು ಇಲ್ಲಿ ನಾಟಕವನ್ನು ತಡೆದಿಲ್ಲ.

ಇನ್ನು ನನಗೆ ಪದೇ ಪದೇ ಎದುರಾಗುವ ತಪ್ಪು ತಿಳಿವಳಿಕೆ. ಸಮುದಾಯದ ನಾಟಕ ಎಂದ ಕೂಡಲೇ ಬಹಳ ಜನರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ: ಬಡವರು ತಮ್ಮ ಕಷ್ಟವನ್ನು ತಾವೇ ಅಭಿನಯಿಸಿ ತೋರಿಸುವುದು. ನೇಕಾರ ಮಗ್ಗದ ಗೋಳು ಆಡಬೇಕು, ಕೂಲಿಕಾರ ಕೂಲಿಯ ಗೋಳು ಆಡಬೇಕು, ಕೊನೆಗೊಂದು ಸಂದೇಶ ಬರಬೇಕು. ಇದರಲ್ಲಿ ಒಳ್ಳೆಯ ಮನಸ್ಸಿದೆ ನಿಜ. ಆದರೆ ರಾಮ, ರಾವಣ, ಹ್ಯಾಮ್ಲೆಟ್ ಎಲ್ಲ ಉಳ್ಳವರ ಪಾಲಿಗೆ ಹೋಗಿ, ಇಲ್ಲದವರಿಗೆ ಅವರ ಇಲ್ಲದಿರುವಿಕೆಯೊಂದೇ ಪಾತ್ರವಾಗಿ ಉಳಿದರೆ ಅದೆಂಥ ಪ್ರಾತಿನಿಧ್ಯ?

ಕನ್ನಡ ರಂಗಭೂಮಿ ಇದಕ್ಕೆ ಚೆಂದದ ಉತ್ತರ ಕೊಟ್ಟಿದೆ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ರಂಗಸಂಸ್ಥೆ ನೀನಾಸಮ್, 1980ರ ದಶಕದಲ್ಲಿ ಹಳ್ಳಿಗಳಿಗೆ ಹೋಗಿ ರಂಗಶಿಬಿರ ನಡೆಸುತ್ತಿತ್ತು. ಯಲ್ಲಾಪುರದ ಬಳಿಯ ಮಂಚಿಕೇರಿಯಲ್ಲಿ ನಿರ್ದೇಶಕ ಚಿದಂಬರರಾವ್ ಜಂಬೆಯವರು ಸಿದ್ದಿ ಸಮುದಾಯದವರ ಜೊತೆ ಕೆಲಸ ಮಾಡಿದರು. ಸಿದ್ದಿಯರ ಪೂರ್ವಿಕರು ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು. ಅವರಿಂದ ಗುಲಾಮಗಿರಿಯ ಕಥೆಯನ್ನೇ ಆಡಿಸಬಹುದಿತ್ತು. ಆರಿಸಿಕೊಂಡದ್ದು ನೈಜೀರಿಯಾದ ಚಿನುವ ಅಚಿಬೆ 1958ರಲ್ಲಿ ಪ್ರಕಟಿಸಿದ ಜಗತ್ಪ್ರಸಿದ್ಧ ಕಾದಂಬರಿಯನ್ನು. ಬಿಳಿಯರು ಕಾಲಿಡುವ ಮೊದಲು ಒಂದು ಆಫ್ರಿಕನ್ ಊರು ತನ್ನದೇ ದೇವರು, ನ್ಯಾಯ, ಹಬ್ಬ, ಜಗಳಗಳೊಂದಿಗೆ ಹೇಗೆ ತುಂಬಿ ಬಾಳುತ್ತಿತ್ತು, ಆಮೇಲೆ ಹೇಗೆ ಒಡೆಯಿತು ಎಂಬುದು ಅದರ ಕಥೆ. ಕುಸ್ತಿಗೆ ಹೆಸರಾದ ಕೊಲ್ಲಾಪುರದ ಸೀಮೆಯವರಿಗೆ ಇದನ್ನು ಹೇಳಲೇಬೇಕು: ಅದರ ನಾಯಕ ಒಕೊಂಕ್ವೊ ಹೆಸರು ಮಾಡಿದ್ದೇ ಕುಸ್ತಿಯಲ್ಲಿ! ಸಿದ್ದಿಯರು ಆಗ ರಂಗದ ಮೇಲೆ ದಿಕ್ಕಿಲ್ಲದವರಾಗಿ ನಿಲ್ಲಲಿಲ್ಲ, ಒಂದು ನಾಗರಿಕತೆಯ ವಾರಸುದಾರರಾಗಿ ನಿಂತರು. ಮುಂದೆ ಆ ಸಮುದಾಯದ ಹುಡುಗ ಹುಡುಗಿಯರು ನೀನಾಸಮ್‌ನಲ್ಲಿ ಕಲಿತು ನಟನೆಯನ್ನೇ ವೃತ್ತಿ ಮಾಡಿಕೊಂಡರು.

ಮೈಸೂರಿನಲ್ಲಿ ಹುಲುಗಪ್ಪ ಕಟ್ಟೀಮನಿಯವರು ಜೈಲಿನ ಕೈದಿಗಳಿಂದ ನಾಟಕ ಮಾಡಿಸಿದರು. ಅವುಗಳಲ್ಲಿ ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ವೂ ಒಂದು. ಅದು ಮ್ಯಾಕ್‌ಬೆತ್‌ನ ಕನ್ನಡ ರೂಪ. ಕೊಲೆ, ಅದರ ಹಿಂದಿನ ಆಸೆ, ಅದರ ಮುಂದಿನ ನಿದ್ದೆಗೇಡಿನ ಕಥೆ. ಕೈದಿಯ ಹತ್ತಿರ ‘ನಿನ್ನ ಅಪರಾಧ ಹೇಳು’ ಎಂದರೆ ಅವನು ಬಾಯಿ ಮುಚ್ಚುತ್ತಾನೆ. ಮಾರನಾಯಕನ ಮಾತು ಕೊಟ್ಟರೆ ಆ ಮಾತಿನ ಮರೆಯಲ್ಲಿ ತನ್ನದನ್ನೂ ನೋಡಿಕೊಳ್ಳಬಲ್ಲ. ಬೇರೊಬ್ಬರ ಕಥೆ ಕೊಡುವ ಈ ಮರೆ ಬಹಳ ದೊಡ್ಡ ಉಪಕಾರ.

ಹಾಗೆಂದು ಸ್ವಂತ ಕಥೆ ಹೇಳಬಾರದೆಂದಲ್ಲ. ಇಲ್ಲಿಂದ ಸವದತ್ತಿ ಎಲ್ಲಮ್ಮನಲ್ಲಿಗೆ ಹೋಗುವ ಭಕ್ತರಿಗೆ ಆ ದೇವಿಯ ಸೇವೆಯ ಜೋಗತಿಯರನ್ನು ಪರಿಚಯಿಸಬೇಕಿಲ್ಲ. ಮಂಜಮ್ಮ ಜೋಗತಿ ಜೋಗತಿ ನೃತ್ಯವನ್ನು, ಎಲ್ಲಮ್ಮನ ಕಥೆಯ ಆಟವನ್ನು ರಂಗಕ್ಕೆ ತಂದವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಬಂತು. ಅವರೂ ಬರಿಯ ತಮ್ಮ ನೋವನ್ನು ಆಡಲಿಲ್ಲ, ದೇವಿಯ ಕಥೆಯನ್ನೂ ಆಡಿದರು.

ಹಾಗಾದರೆ ಮುಖ್ಯವಾದುದು ಯಾವುದು? ತೀರ್ಮಾನ ಯಾರ ಕೈಯಲ್ಲಿದೆ ಎಂಬುದು. ಬ್ರೆಜಿಲ್‌ನ ರಂಗಕರ್ಮಿ ಆಗಸ್ಟೊ ಬೋಲ್ 1973ರಲ್ಲಿ ಪೆರು ದೇಶದ ಸಾಕ್ಷರತಾ ಆಂದೋಲನದಲ್ಲಿ ಕೆಲಸ ಮಾಡುತ್ತಿದ್ದರು. ಓದು ಬರದ ಒಬ್ಬ ಹೆಂಗಸಿಗೆ ಗಂಡ ಕೆಲವು ಕಾಗದ ಕೊಟ್ಟು ಜೋಪಾನ ಮಾಡು ಅಂದಿದ್ದ. ಓದಿಸಿದರೆ ಅವು ಇನ್ನೊಬ್ಬಳ ಪ್ರೇಮಪತ್ರ. ಈಗ ಆಕೆ ಏನು ಮಾಡಬೇಕು? ಇದನ್ನೇ ನಾಟಕವಾಗಿಸಿ, ಪ್ರೇಕ್ಷಕರು ಹೇಳಿದಂತೆ ನಟರು ಆಡಿ ತೋರಿಸುತ್ತಿದ್ದರು. ಒಬ್ಬ ಗಟ್ಟಿಮುಟ್ಟಾದ ಹೆಂಗಸು ‘ಅವನ ಜೊತೆ ಸ್ಪಷ್ಟವಾಗಿ ಮಾತಾಡಲಿ’ ಎಂದಳು. ಆಡಿದರು. ‘ಹಾಗಲ್ಲ’ ಎಂದಳು. ಮತ್ತೆ ಆಡಿದರು. ಅವಳ ಸಿಟ್ಟು ಇಳಿಯಲಿಲ್ಲ. ಕೊನೆಗೆ ಬೋಲ್, ನೀವೇ ಬಂದು ತೋರಿಸಿ ಎಂದರು. ಆಕೆ ರಂಗ ಹತ್ತಿದವಳೇ ಪೊರಕೆ ಹಿಡಿದು ಗಂಡನ ಪಾತ್ರದವನನ್ನು ಚೆನ್ನಾಗಿ ಬಾರಿಸಿ, ಆಮೇಲೆ ಮಾತಿಗೆ ಕೂತಳು. ‘ಸ್ಪಷ್ಟವಾಗಿ’ ಎಂದರೆ ಅವಳಿಗೆ ಏನೆಂಬುದು ಅಲ್ಲಿಯತನಕ ಯಾವ ನಟನಿಗೂ ಹೊಳೆದಿರಲಿಲ್ಲ. ಪ್ರೇಕ್ಷಕರೇ ಆಟ ನಿಲ್ಲಿಸಿ ರಂಗಕ್ಕೇರುವ ಪದ್ಧತಿ ಹೀಗೆ ಬೆಳೆಯಿತು.

ಹುಪರಿಯನ್ನೇ ತೆಗೆದುಕೊಳ್ಳಿ. ಬೆಳ್ಳಿಯ ಊರು, ಕಾಲುಗೆಜ್ಜೆಗೆ ದೇಶಕ್ಕೇ ಹೆಸರಾದದ್ದು. ಕರಗಿಸುವವರು ಒಬ್ಬರು, ತಂತಿ ಎಳೆಯುವವರು ಇನ್ನೊಬ್ಬರು, ಬೆಸುಗೆಗೆ ಮತ್ತೊಬ್ಬರು. ಇದರಲ್ಲಿ ಮನೆಯಲ್ಲೇ ಕೂತು ಕೊಂಡಿ ಜೋಡಿಸುವ ಹೆಣ್ಣುಮಕ್ಕಳ ದುಡಿಮೆಯೂ ಸೇರಿದೆ. ಇಲ್ಲೊಂದು ರಂಗಶಿಬಿರ ನಡೆದರೆ ಮೊದಲ ದಿನವೇ ತಕ್ಕಡಿ ರಂಗಕ್ಕೆ ಬರುತ್ತದೆ. ಕೊಟ್ಟ ಬೆಳ್ಳಿಯ ತೂಕ, ಒಡವೆಯಾಗಿ ಹಿಂದಿರುಗಿದ ತೂಕ, ನಡುವೆ ಕಡಿಮೆಯಾದ ಚೂರಿಗೆ ಯಾರು ಹೊಣೆ ಎಂಬ ಮಾತು. ಅದನ್ನು ಬೋಲ್ ರೀತಿಯಲ್ಲಿ ಆಡಲಿ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಬೆಳಗಾವಿ, ಬಾಗಲಕೋಟೆ ಕಡೆಯ ಶ್ರೀಕೃಷ್ಣ ಪಾರಿಜಾತದ ಸತ್ಯಭಾಮೆ ಇದ್ದಾಳಲ್ಲ, ಅವಳದೇ ಇನ್ನೊಂದು ಕಥೆ ತುಲಾಭಾರ. ಮೈಮೇಲಿನ ಒಡವೆಯನ್ನೆಲ್ಲ ಸುರಿದರೂ ಕೃಷ್ಣ ತೂಗದೆ, ರುಕ್ಮಿಣಿ ಇಟ್ಟ ಒಂದೆಸಳು ತುಳಸಿಗೆ ತಕ್ಕಡಿ ಸಮವಾಗುತ್ತದೆ. ದಿನಬೆಳಗಾದರೆ ಗ್ರಾಂ ಲೆಕ್ಕದಲ್ಲಿ ಬದುಕುವ ಹೆಣ್ಣುಮಗಳು ಆ ಸತ್ಯಭಾಮೆಯಾದರೆ, ಯಾವ ನಾಟಕ ಶಾಲೆಯ ನಟಿಯೂ ಕಾಣಿಸಲಾರದ್ದನ್ನು ಕಾಣಿಸಬಲ್ಲಳು.

ಓದುಗರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಊರಿನಲ್ಲಿ ಪಾರಿಜಾತ, ಸಣ್ಣಾಟ, ಕಂಪನಿ ನಾಟಕ ಆಡಿದ ಹಿರಿಯರಿದ್ದರೆ ಈ ವಾರವೇ ಹೋಗಿ ಮಾತಾಡಿಸಿ. ಅವರ ಪದಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಿ, ಕನ್ನಡವಾದರೂ ಸರಿ, ಮರಾಠಿಯಾದರೂ ಸರಿ. ಯಾರು ಯಾವ ಪಾತ್ರ ಮಾಡುತ್ತಿದ್ದರು, ಯಾರಿಗೆ ಯಾವ ಪಾತ್ರ ಕೊಡುತ್ತಿರಲಿಲ್ಲ ಎಂದು ಬಿಡದೆ ಕೇಳಿ ಬರೆದಿಡಿ. ಕಾಲೇಜುಗಳ ಕನ್ನಡ, ಮರಾಠಿ ವಿಭಾಗಗಳು ಈ ಕೆಲಸವನ್ನು ಕೂಡಿ ಮಾಡಬೇಕು. ಗಡಿನಾಡಿನ ರಂಗಭೂಮಿಯನ್ನು ಎರಡೂ ಭಾಷೆ ಬಲ್ಲವರು ಇನ್ನೂ ಬಹಳಷ್ಟು ಅಭ್ಯಾಸ ಮಾಡುವುದಿದೆ.