ಸಾಲಿಯೂ ಹೌದು, ಗುಡಿಯೂ ಹೌದು

ಗುಳೇದಗುಡ್ಡ ಕಣ್ಣಿಗಿಂತ ಮೊದಲು ಕಿವಿಗೆ ಸಿಗುವ ಊರು. ಸಂದಿ ಹೊಕ್ಕರೆ ಸಾಕು, ಯಾವುದೋ ಪಡಸಾಲೆಯ ಒಳಗಿಂದ ‘ಖಟ್ ಖಟಾರ್’ ಎಂದು ಮಗ್ಗದ ಸದ್ದು. ಮೊದಲಿನಷ್ಟು ಇಲ್ಲ ಬಿಡಿ, ಕುಣಿಮಗ್ಗಗಳು ಒಂದೊಂದಾಗಿ ಮೂಕಾಗಿವೆ. ಆದರೂ ಖಣದ ಅಂಗಡಿಯ ಮುಂದೆ ನಿಂತು ಕುಪ್ಪಸಕ್ಕೆ ಬಣ್ಣ ಆರಿಸುವ ಹೆಂಗಸರ ಮಾತು, ಚಹಾದಂಗಡಿಯ ಒಲೆಯ ಭರಭರ, ಇವುಗಳ ನಡುವೆ ಲಾಳಿಯ ಓಡಾಟ ಇನ್ನೂ ಕೇಳಿಸುತ್ತದೆ. ರವಿವಾರವಾದರೆ ಅದರೊಳಗೆ ಇನ್ನೊಂದು ಸದ್ದು ಬಂದು ಕೂಡುತ್ತದೆ. ಅದು ಚರ್ಚಿನ ಗಂಟೆ.

ಬಾದಾಮಿ ಸೀಮೆಯ ಈ ನೇಕಾರರ ಊರಿನಲ್ಲಿ ಬಾಸೆಲ್ ಮಿಶನ್ ನೆಲೆಯೂರಿದ್ದು 1851ರಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಸಂಸ್ಥೆ ಅದು. 1834ರಲ್ಲಿ ಮಂಗಳೂರಿಗೆ ಬಂದು, ಘಟ್ಟ ಹತ್ತಿ, 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಬೆಟಗೇರಿ ಮುಟ್ಟಿತ್ತು. ಬಂದವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ಹಳ್ಳಿಗಳವರು, ಒಕ್ಕಲುತನ ಮತ್ತು ಕೈಕಸುಬಿನ ಮನೆತನಗಳಲ್ಲಿ ಬೆಳೆದವರು. ಅದಕ್ಕೇ ಬೆಟಗೇರಿಯ ಅವರ ಆಸ್ಪತ್ರೆ ನಮ್ಮ ಕಡೆಯವರ ಬಾಯಲ್ಲಿ ಇವತ್ತಿಗೂ ‘ಜರ್ಮನ್ ದವಾಖಾನಿ’.

ಆ ಜನರ ಸಾಲಿ ಹೇಗಿತ್ತೆಂದು ಮಿಶನ್ ಕಂಪೌಂಡಿನ ಬೇವಿನ ನೆರಳಲ್ಲಿ ನಿಂತು ಊಹಿಸುವುದು ಕಷ್ಟವೇನಲ್ಲ. ದಿನ ಸುರುವಾಗುತ್ತಿದ್ದುದು ಪ್ರಾರ್ಥನೆಯಿಂದ. ಬೈಬಲ್ಲಿನ ಪಾಠ ಮುಗಿದ ಮೇಲೆ ಲೆಕ್ಕ, ಭೂಗೋಳ, ವ್ಯಾಕರಣ. ನಡುನಡುವೆ ಹಾಡು, ಮಾತು ಕನ್ನಡದ್ದು, ಧಾಟಿ ಜರ್ಮನಿಯದು. ಜೋಳದ ಹೊಲದಿಂದ ಎದ್ದು ಬಂದ ಹುಡುಗನ ಗಂಟಲಲ್ಲಿ ಆ ಉದ್ದುದ್ದ ಸ್ವರಗಳು ಮೊದಮೊದಲು ಹೇಗೆ ಎಡವಿರಬೇಕು! ಆಗ ಈ ಸೀಮೆ ಮುಂಬಯಿ ಇಲಾಖೆಯ ಕೈಯಲ್ಲಿ. ಸರಕಾರಿ ಸಾಲಿಗಳಲ್ಲಿ ಮರಾಠಿಯದೇ ದರ್ಬಾರು. ಮಿಶನ್ನಿನವರಿಗೋ ಜನರ ಎದೆಗೆ ಹೋಗಬೇಕಿತ್ತು, ದಾರಿ ಕನ್ನಡದ್ದೇ ಆಗಬೇಕಿತ್ತು. ಧರ್ಮ ಹೇಳಲು ಕಲಿತ ಭಾಷೆ ಕಡೆಗೆ ಅವರನ್ನೇ ಹಿಡಿದು ಕೂರಿಸಿತು. 1853ರಲ್ಲಿ ಈ ನಾಡಿಗೆ ಬಂದ ಕಿಟ್ಟೆಲ್ ಸಾಹೇಬರು 1894ರ ಹೊತ್ತಿಗೆ ಎಪ್ಪತ್ತು ಸಾವಿರ ಶಬ್ದಗಳ ಕೋಶ ಕೊಟ್ಟರು. ಬೋಧನೆಗೆ ಇಷ್ಟು ಶಬ್ದ ಯಾರಿಗೆ ಬೇಕಿತ್ತು?

ಇನ್ನೊಂದು ಸಂಗತಿ ಕೈಗೆಲಸದ್ದು. ಮತ ಬಿಟ್ಟವನಿಗೆ ಊರಲ್ಲಿ ಮನೆಯೂ ಹೋಗುತ್ತಿತ್ತು, ಕಸುಬೂ ಹೋಗುತ್ತಿತ್ತು. ಹೊಟ್ಟೆಗೆ ದಾರಿ ತೋರಿಸದೆ ಆತ್ಮದ ಮಾತು ಆಡುವುದು ಹೇಗೆ? ಮಂಗಳೂರಲ್ಲಿ ಮಿಶನ್ ನೇಯ್ಗೆ ಹಾಕಿತು, ಛಾಪಖಾನೆ ಹಾಕಿತು, 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿತು. ನಮ್ಮ ಕಡೆ ಮನೆ ಕಟ್ಟಿದವರು ‘ಮಂಗಳೂರು ಹಂಚು’ ಎಂದು ಹಂಬಲಿಸುವುದು ಆ ಪುಣ್ಯದ್ದೇ. ಪ್ರಾರ್ಥನೆ, ಪಾಠ, ಕೆಲಸ ಈ ಮೂರನ್ನೂ ಒಂದೇ ಗಂಟೆ ಬಾರಿಸಿ ನಡೆಸುವುದು ಅವರ ಪದ್ಧತಿ.

ಇಂಥ ಸಾಲಿ ಒಬ್ಬ ಹುಡುಗನನ್ನು ಏನು ಮಾಡಬಲ್ಲದು ಎಂದು ಕೇಳಿದರೆ ನಾನು ರೆವರೆಂಡ್ ಚನ್ನಪ್ಪ ಉತ್ತಂಗಿಯವರ ಹೆಸರು ಹೇಳುತ್ತೇನೆ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಮಿಶನ್ನಿನ ಸಾಲಿಯಲ್ಲಿ ಕಲಿತು, ಮಂಗಳೂರಿನ ದೇವಜ್ಞಾನ ಶಾಲೆಯಲ್ಲಿ ಓದಿ ಪಾದ್ರಿಯಾದವರು. ಪಾದ್ರಿಯಾಗಿ ಮಾಡಿದ್ದೇನು? ಹಳ್ಳಿಹಳ್ಳಿ ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಬೇಡಿ ತಂದರು. 1924ರಲ್ಲಿ ಅವು ಪುಸ್ತಕವಾದವು. ಅಷ್ಟಕ್ಕೆ ನಿಲ್ಲದೆ ಸಿದ್ಧರಾಮನ ಸಾಹಿತ್ಯಕ್ಕೆ ಕೈ ಹಾಕಿದರು, ಅನುಭವ ಮಂಟಪ ನಿಜವಾಗಿಯೂ ಇತ್ತೇ ಎಂಬ ವಾದ ಎದ್ದಾಗ ಇತ್ತು ಎಂದು ಪಟ್ಟು ಹಿಡಿದು ಬರೆದರು. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡರು. 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಈ ತಿರುಕನಿಗೇ ಬಂತು. ಕೊರಳ ಶಿಲುಬೆಗೂ ಶರಣರ ಮಾತಿಗೂ ಅವರಲ್ಲಿ ಜಗಳ ಹತ್ತಲೇ ಇಲ್ಲ.

ಇದರ ತಲೆಕೆಳಗಾದ ಕಥೆಯೊಂದನ್ನು ವಿಜಯಪುರದ ಕಡೆ ಹೇಳುತ್ತಾರೆ. ಫ.ಗು. ಹಳಕಟ್ಟಿಯವರು ತಾಡೋಲೆಗಳಿಂದ ಬಿಡಿಸಿದ ವಚನಗಳನ್ನು ಮುದ್ರಣಕ್ಕೆಂದು ಮಂಗಳೂರಿನ ಮಿಶನ್ ಛಾಪಖಾನೆಗೆ ಕಳಿಸಿದರಂತೆ. ಅಲ್ಲಿಯವರು ಓದಿ ನೋಡಿ, ತಾವು ದೂರದಿಂದ ತಂದು ಹೇಳುತ್ತಿರುವುದೇ ಇಲ್ಲಿ ಏಳುನೂರು ವರ್ಷ ಹಿಂದೆಯೇ ಕನ್ನಡದಲ್ಲಿ ಇದೆಯಲ್ಲ ಎಂದು ಬೆರಗಾಗಿ, ಹಸ್ತಪ್ರತಿಯನ್ನು ವಾಪಸು ಕಳಿಸಿದರಂತೆ. ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಕಡೆಗೆ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ವಾಪಸು ಕಳಿಸಿದ್ದು ಅಂಜಿಕೆಯೋ ಗೌರವವೋ, ಕಥೆ ಹೇಳುವವರು ತಮಗೆ ಬೇಕಾದಂತೆ ಹೇಳುತ್ತಾರೆ.

ಗುಳೇದಗುಡ್ಡದಿಂದ ಬಾದಾಮಿಗೆ ಬರುವ ಬಸ್ಸು ಕೆಂಪು ಬಂಡೆಗಳ ಬಗಲಿಗೆ ಹಾದು ಇಳಿಯುತ್ತದೆ. ಕಿಟಕಿಯ ಹೊರಗೆ ಕುರಿ ಹಿಂಡು, ಜಾಲಿ, ಎಲ್ಲಿಯೋ ಒಂದು ಬನ್ನಿ. ಬಾದಾಮಿಯಲ್ಲಿ ಬಸ್ಸು ಬದಲಿಸಿ ಪಟ್ಟದಕಲ್ಲಿನ ಕಡೆ ಹೊರಟರೆ ಮಲಪ್ರಭೆಯ ದಂಡೆಯ ಮೇಲೆ ಇನ್ನೊಂದು ಸಾಲಿ ಇದೆ. ನಾನು ಹೊರಟಿದ್ದು ಅಲ್ಲಿಗೆ. ಶಿವಯೋಗಮಂದಿರಕ್ಕೆ.

ಇಲ್ಲಿ ಬೆಳಗು ಬಹಳ ಬೇಗ ಆಗುತ್ತದೆ. ನಾವು ‘ಬೆಳಗಾಯಿತು’ ಎನ್ನುವ ಹೊತ್ತಿಗೆ ಇವರದು ಅರ್ಧ ದಿನ. ಕತ್ತಲಿರುವಾಗಲೇ ಎದ್ದು, ಜಳಕ ಮುಗಿಸಿ, ಬಿಳಿ ಪಂಚೆ ಸುತ್ತಿ, ಹಣೆಗೆ ತೋಳಿಗೆ ಎದೆಗೆ ಈಬತ್ತಿ ಎಳೆದುಕೊಂಡು ವಟುಗಳು ಸಾಲಾಗಿ ಕೂಡುತ್ತಾರೆ. ಎಡಗೈ ಅಂಗೈಯ ಮೇಲೆ ಇಷ್ಟಲಿಂಗ. ಅದರ ಕಪ್ಪು ಕಾಂತಿಯ ಮೇಲೆ ಕಣ್ಣು ನೆಟ್ಟು ರೆಪ್ಪೆ ಬಡಿಯದೆ ಕೂಡುವುದು. ಹನ್ನೊಂದು, ಹನ್ನೆರಡು ವರ್ಷದ ಹುಡುಗರು. ಒಬ್ಬನ ಕಣ್ಣು ಲಿಂಗದ ಮೇಲಿದ್ದರೂ ತೂಕಡಿಕೆ ಕುತ್ತಿಗೆಯ ಮೇಲಿತ್ತು. ಹಿಂದೆ ಕೂತ ದೊಡ್ಡ ಸಾಧಕರು ಮೆಲ್ಲಗೆ ಬೆನ್ನು ಮುಟ್ಟಿದರು. ಬಡಿಯಲಿಲ್ಲ, ಬೈಯಲಿಲ್ಲ. ಹುಡುಗ ನೆಟ್ಟಗಾದ.

ಪೂಜೆ ಆಯಿತೆನ್ನುವಷ್ಟರಲ್ಲಿ ಯೋಗಾಸನ, ಆಮೇಲೆ ಪಾಠ. ಒಂದು ಪಡಸಾಲೆಯಿಂದ ‘ರಾಮಃ ರಾಮೌ ರಾಮಾಃ’ ಎಂದು ಸಂಸ್ಕೃತದ ಶಬ್ದರೂಪಗಳು, ಇನ್ನೊಂದರಿಂದ ವಚನ. ಎಲ್ಲಿಯೋ ಹಾರ್ಮೋನಿಯಂ ಒಂದು ಸ್ವರದ ಮೇಲೆ ಕಾಲೂರಿ ನಿಂತಿದೆ. ಸಂಗೀತ ಇಲ್ಲಿಗೆ ಹೊರಗಿನ ಅತಿಥಿಯಲ್ಲ. ಕಣ್ಣಿಲ್ಲದ ಹುಡುಗನೊಬ್ಬನನ್ನು ಕರೆತಂದು, ಗುರುಗಳನ್ನು ಹುಡುಕಿ ಪಾಠ ಹೇಳಿಸಿ, ಗಾನಯೋಗಿ ಪಂಚಾಕ್ಷರಿ ಗವಾಯಿಗಳಾಗಿ ನಾಡಿಗೆ ಕೊಟ್ಟವರು ಈ ಮಂದಿರ ಕಟ್ಟಿದವರೇ: ಹಾನಗಲ್ಲ ಕುಮಾರಸ್ವಾಮಿಗಳು. ಪಂಚಾಕ್ಷರಿಗಳ ಕೈಯಲ್ಲಿ ಬೆಳೆದವರು ಗದುಗಿನ ಪುಟ್ಟರಾಜ ಗವಾಯಿಗಳು. ಅಲ್ಲಿಂದ ಮುಂದೆ ಎಷ್ಟು ಕೊರಳು, ಎಷ್ಟು ತಬಲ, ಎಣಿಸುವವರು ಯಾರು?

ಕುಮಾರಸ್ವಾಮಿಗಳು ರಾಣೆಬೆನ್ನೂರು ಸೀಮೆಯ ಜೋಯಿಸರ ಹರಳಹಳ್ಳಿಯವರು, 1867ರಲ್ಲಿ ಹುಟ್ಟಿದವರು. ಹುಡುಗ ಹಾಲಯ್ಯ ಮುಲ್ಕಿ ಪರೀಕ್ಷೆಗೆ ಕೂತು ನಪಾಸಾದನೆಂದು ಅವರ ಚರಿತ್ರೆ ಹೇಳುವವರೆಲ್ಲ ಹೇಳುತ್ತಾರೆ. ಆಗಿನ ಕಾಲಕ್ಕೆ ಮುಲ್ಕಿ ಎಂದರೆ ಮಾಸ್ತರಿಕೆಗೆ, ಕಾರಕೂನಿಕೆಗೆ ಹೆಬ್ಬಾಗಿಲು. ಆ ಬಾಗಿಲು ತೆರೆಯಲಿಲ್ಲ. ಮುಂದೆ ಹಾನಗಲ್ಲಿನ ಸ್ವಾಮಿಗಳಾದ ಮೇಲೆ, 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆ ಕೂಡಿಸಿದರು. ಅವರ ಕೊರಗು ಮಠಗಳ ಬಗ್ಗೆ ಇತ್ತು. ಊರೂರಿಗೆ ಮಠ, ಮಠಕ್ಕೊಬ್ಬ ಸ್ವಾಮಿ, ಸ್ವಾಮಿಗೆ ಅಕ್ಷರ ಬೇಕೆಂಬ ನಿಯಮ ಮಾತ್ರ ಇಲ್ಲ. ಗದ್ದುಗೆ ಏರುವ ಮೊದಲು ಒಬ್ಬ ಮನುಷ್ಯ ಏನನ್ನು ಕಲಿತಿರಬೇಕು? ಆ ಪ್ರಶ್ನೆಗೆ 1909ರಲ್ಲಿ ಈ ಹೊಳೆದಂಡೆಯ ಮೇಲೆ ಉತ್ತರ ಕಟ್ಟಲು ಸುರು ಮಾಡಿದರು. ಅದೇ ಹೊತ್ತಿಗೆ, 1906ರಲ್ಲಿ, ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘ ಹುಟ್ಟಿತ್ತು. ಅದು ಮಕ್ಕಳನ್ನು ಕಾಲೇಜಿಗೆ, ಕಚೇರಿಗೆ, ಆಸ್ಪತ್ರೆಗೆ ಕಳಿಸಿತು. ಇದು ಮಕ್ಕಳನ್ನು ಮಠಕ್ಕೆ ಕಳಿಸಿತು. ಹಳೆಯ ಬಾಗಲಕೋಟೆಯ ಅರ್ಧ ಇವತ್ತು ಆಲಮಟ್ಟಿಯ ಹಿನ್ನೀರಿನಡಿ ಇದೆ, ಸಂಘ ಬೆಳೆಯುತ್ತಲೇ ಇದೆ.

ಮಂದಿರದ ಪುಸ್ತಕ ಭಂಡಾರದಲ್ಲಿ ತಾಡೋಲೆಯ ಕಟ್ಟುಗಳಿವೆ. ಮಠ ಮನೆಗಳ ಅಟ್ಟದಲ್ಲಿ ಗೆದ್ದಲಿಗೆ ಹೊರಟಿದ್ದವನ್ನು ಕೂಡಿಹಾಕಿದ್ದು. ಓಲೆಯನ್ನು ಬೆಳಕಿಗೆ ಓರೆ ಹಿಡಿದಾಗಷ್ಟೇ ಕೊರೆದ ಅಕ್ಷರ ಕಾಣುತ್ತದೆ, ನೆಟ್ಟಗೆ ಹಿಡಿದರೆ ಬರೀ ಒಣ ಗರಿ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಭಂಡಾರಕ್ಕಿಂತ ಈಬತ್ತಿಯ ಕೆಲಸ. ‘ಶಿವಯೋಗಮಂದಿರದ ಈಬತ್ತಿ’ ಎಂದರೆ ಉತ್ತರ ಕರ್ನಾಟಕದ ಜಗಲಿಗಳಲ್ಲಿ ಅದಕ್ಕೊಂದು ಬೇರೆಯೇ ಮರ್ಯಾದೆ. ಗೋಶಾಲೆಯ ಸಗಣಿಯನ್ನು ಉಂಡೆ ಮಾಡಿ ಒಣಗಿಸಿ ಸುಡುತ್ತಾರೆ. ಸುಟ್ಟದ್ದು ಆರಿ ಬೆಳ್ಳಗಾದ ಮೇಲೆ ಬೂದಿಯನ್ನು ಅರಿವೆಯಲ್ಲಿ ಸೋಸಿ, ನೀರಲ್ಲಿ ಕಲಸಿ, ಕಸರು ತೆಗೆದು, ತಿಳಿಯಾಗಲು ಬಿಡುತ್ತಾರೆ. ಮೇಲಿನ ನೀರು ಬಸಿದರೆ ತಳದಲ್ಲಿ ಬೆಣ್ಣೆಯಂಥ ಮುದ್ದೆ. ಅದನ್ನು ಗಟ್ಟಿ ಕಟ್ಟಿ ಬಿಸಿಲಿಗೆ ಇಡಬೇಕು. ಎಷ್ಟು ಸಲ ಸೋಸುತ್ತೀರೋ ಅಷ್ಟು ನುಣುಪು. ಅವಸರ ಮಾಡಿದರೆ ಗಟ್ಟಿ ಬಿರಿಯುತ್ತದೆ. ಒಬ್ಬರು ಒಂದು ಗಟ್ಟಿಯನ್ನು ನನ್ನ ಅಂಗೈಗೆ ಇಟ್ಟರು. ಹಗುರ. ಬೆರಳು ಸವರಿದರೆ ಮಗುವಿನ ಕೆನ್ನೆ. ಸಗಣಿ ಇಲ್ಲಿಗೆ ಬರುವುದಕ್ಕೆ ಬೆಂಕಿ, ನೀರು, ಬಿಸಿಲು ಮೂರರ ಕೈಯಲ್ಲೂ ಹಾಯಬೇಕಾಯಿತು. ಈ ಸಾಲಿಯ ಪಠ್ಯಕ್ರಮವನ್ನು ಕಾಗದದ ಮೇಲೆ ನೋಡಬೇಕೆಂದು ಬಂದಿದ್ದೆ, ಆಮೇಲೆ ಕೇಳುವ ಮನಸ್ಸೇ ಆಗಲಿಲ್ಲ.

ಗುಳೇದಗುಡ್ಡದ ಜರ್ಮನ್ ಪಾದ್ರಿಗಳಿಗೂ ಹಾನಗಲ್ಲಿನ ಸ್ವಾಮಿಗಳಿಗೂ ತತ್ವದಲ್ಲಿ ಹೊಂದಿಕೆ ಆಗುವ ಮಾತು ಕಡಿಮೆ. ಎದುರುಬದುರು ಕೂತಿದ್ದರೆ ವಾದವೇ ಆಗುತ್ತಿತ್ತು. ಆದರೆ ದಿನಚರಿಯನ್ನು ಪಕ್ಕಪಕ್ಕ ಇಟ್ಟು ನೋಡಿ: ಬೆಳಗಿನ ಗಂಟೆ, ಬಾಯಿಪಾಠ, ಹಾಡು, ಕೈಗೆಲಸ, ಒಂದೇ ಪಂಕ್ತಿಯ ಊಟ, ಮತ್ತೆ ಗಂಟೆ. ಅಲ್ಲಿ ಮಗ್ಗ, ಇಲ್ಲಿ ಈಬತ್ತಿ. ಹುಡುಗನನ್ನು ತಲೆ ಮಾತ್ರ ಇರುವ ಪ್ರಾಣಿ ಎಂದು ಇಬ್ಬರೂ ತಿಳಿಯಲಿಲ್ಲ.

ಮಧ್ಯಾಹ್ನ ದಾಸೋಹದಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯೆ, ಅನ್ನ, ಸಾರು. ಊಟ ಮುಗಿಸಿ ಹೊಳೆಯ ಕಡೆ ನಡೆದೆ. ಸವದತ್ತಿಯ ಹತ್ತಿರ ನವಿಲುತೀರ್ಥಕ್ಕೆ ಒಡ್ಡು ಬಿದ್ದಾಗಿನಿಂದ ಮಲಪ್ರಭೆಯ ಸ್ವಭಾವವೇ ಬದಲಾಗಿದೆ. ಬೇಸಿಗೆಯಲ್ಲಿ ಕಲ್ಲುಗಳ ನಡುವೆ ಹೆದರಿ ಹೆದರಿ ಹರಿಯುತ್ತಾಳೆ. ಒಡ್ಡಿನ ಬಾಗಿಲು ತೆಗೆದರೆ, 2009ರಲ್ಲಿ, 2019ರಲ್ಲಿ ಮಾಡಿದಂತೆ, ದಂಡೆಯ ಊರುಗಳ ಹೊಸ್ತಿಲು ದಾಟಿ ಒಳಗೇ ಬರುತ್ತಾಳೆ. ಇಲ್ಲಿಂದ ಮುಂದೆ ಪಟ್ಟದಕಲ್ಲಿನ ಗುಡಿಗಳ ಮಗ್ಗುಲು ಹಾದು, ಐಹೊಳೆ ಮುಟ್ಟಿ, ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತಾಳೆ. ಬಸವಣ್ಣ ಹುಡುಗನಾಗಿದ್ದಾಗ ಮನೆ ಬಿಟ್ಟು ಬಂದು, ಜಾತವೇದ ಮುನಿಗಳ ಬಳಿ ಓದಿದ್ದು ಅಲ್ಲಿ ಎನ್ನುತ್ತಾರೆ. ಅದೂ ಒಂದು ಸಾಲಿ, ಹೊಳೆದಂಡೆಯದೇ. ಅಲ್ಲಿಂದ ಇಳಕಲ್ಲ ದೂರವೇನಿಲ್ಲ. ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಿಂದ ಜೋಳಿಗೆ ಹಿಡಿದು ಓಣಿ ಓಣಿ ತಿರುಗಿ ಬೇಡಿದ್ದು ಕಾಳನ್ನಲ್ಲ, ಜನರ ಚಟಗಳನ್ನು. ‘ನಿಮ್ಮ ಕುಡಿತ ಹಾಕ್ರಿ, ನಿಮ್ಮ ತಂಬಾಕು ಹಾಕ್ರಿ’ ಎಂದು. ಮಠದಲ್ಲಿ ಕಲಿತದ್ದು ಓಣಿಯಲ್ಲಿ ಏನು ಕೆಲಸಕ್ಕೆ ಬರುತ್ತದೆ ಎಂದು ಕೇಳುವವರಿಗೆ ನಾನು ತೋರಿಸುವುದು ಆ ಜೋಳಿಗೆಯನ್ನು.

ಸಂಜೆ ಕುಮಾರಸ್ವಾಮಿಗಳ ಗದ್ದುಗೆಯ ಹತ್ತಿರ ಕೂತಿದ್ದೆ. 1930ರಲ್ಲಿ ಅವರು ಲಿಂಗೈಕ್ಯರಾದದ್ದು ಇಲ್ಲಿಯೇ. ಹುನಗುಂದದ ಕಡೆಯ ರೈತರೊಬ್ಬರು ದಾಸೋಹಕ್ಕೆಂದು ಜೋಳದ ಚೀಲ ತಂದಿದ್ದರು. ಎಪ್ಪತ್ತರ ಮುದುಕ, ತಲೆಗೆ ರುಮಾಲು. ಮೆಟ್ಟಿಲ ಮೇಲೆ ಪುಸ್ತಕ ತೆರೆದು ಕೂತಿದ್ದ ಪುಟ್ಟ ವಟುವಿನ ಮುಂದೆ ಹೋಗಿ, ಮೊಮ್ಮಗನ ವಯಸ್ಸಿನವನ ಕಾಲಿಗೆ ಬಗ್ಗಿ ನಮಸ್ಕಾರ ಮಾಡಿದರು. ಹುಡುಗ ಗಲಿಬಿಲಿಗೊಂಡು ಕಾಲು ಹಿಂದೆ ಎಳೆದುಕೊಂಡ. ಬೆಳಿಗ್ಗೆ ತೂಕಡಿಸಿದವನೇ ಅವನು.

‘ಏನ್ ಓದಾಕತ್ತೀರಿ ದೇವ್ರು?’

‘ಗಣಿತ್ರಿ ಯಜ್ಜಾ.’

‘ಬರ್ತೈತೇನ್ರಿ?’

ಹುಡುಗ ಸುಳ್ಳು ಹೇಳಲಿಲ್ಲ. ‘ಬರವಲ್ದ್ರಿ’ ಎಂದ, ಮುಖ ಸಣ್ಣದು ಮಾಡಿ.

ಮುದುಕ ರುಮಾಲು ಸರಿಮಾಡಿಕೊಂಡು ಗದ್ದುಗೆಯ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ಇಳಿಸಿ, ‘ಇರ್‍ಲಿ ತಗೋರಿ. ನಮ್ಮ ಅಜ್ಜಾರೂ ಮುಲ್ಕಿ ನಪಾಸ್ ಆಗಿದ್ರಂತ’ ಎಂದರು.

ವಟು ಬಾಯಿಗೆ ಶಲ್ಯದ ಸೆರಗು ಅಡ್ಡ ಹಿಡಿದು ನಕ್ಕ. ಅಷ್ಟರಲ್ಲಿ ಸಂಜೆಯ ಗಂಟೆ ಬಾರಿಸಿತು. ಅವನು ಪುಸ್ತಕದ ಹಾಳೆಯ ಕಿವಿ ಮಡಿಸಿ, ಬಗಲಿಗೆ ಇರುಕಿಕೊಂಡು, ಓಡಬಾರದೆಂಬ ನೆನಪಾಗಿ ನಾಲ್ಕು ಹೆಜ್ಜೆ ನಡೆದು, ಮತ್ತೆ ಓಡಿದ.