ಸೌದೆ ಒಲೆಯ ಜೋಪಾನ

ಅಡುಗೆಮನೆಗೆ ಅನಿಲದ ಒಲೆ ಬಂದಿರುವಾಗ ಸೌದೆಯ ಒಲೆಯ ವಿಚಾರವೇಕೆ ಎಂದು ಕೆಲವರಾದರೂ ಕೇಳಬಹುದು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಹಳ್ಳಿಗಳ ಬಡ ಕುಟುಂಬಗಳಿಗೂ ಅನಿಲದ ಸಂಪರ್ಕ ದೊರೆತಿರುವುದು ನಿಜ. ಆದರೆ ಸಿಲಿಂಡರು ಬರಿದಾದಾಗ, ಹಬ್ಬ ಜಾತ್ರೆಗಳಲ್ಲಿ ನೆಂಟರು ನೆರೆದಾಗ, ಸುಗ್ಗಿಯಲ್ಲಿ ಹೊಲಕ್ಕೆ ಬುತ್ತಿ ಕಟ್ಟುವಾಗ ನಮ್ಮ ತಾಯಂದಿರು ಮರಳಿ ಕುಳಿತುಕೊಳ್ಳುವುದು ಹಳೆಯ ಒಲೆಯ ಮುಂದೆಯೇ. ಬಚ್ಚಲುಮನೆಯ ಹಂಡೆಗಂತೂ ಅನೇಕ ಮನೆಗಳಲ್ಲಿ ಇಂದಿಗೂ ಸೌದೆಯೇ ಗತಿ. ಆದುದರಿಂದ ಈ ಒಲೆಯನ್ನು ಬಳಸುವ ಮತ್ತು ಕಾಪಾಡುವ ಬಗೆಯನ್ನು ಅರಿತುಕೊಳ್ಳುವುದು ಅನಾವಶ್ಯಕವೇನಲ್ಲ.

ಮೊದಲು ಹೊಗೆಯೆಂದರೇನು ಎಂಬುದನ್ನು ವಿಚಾರಿಸೋಣ. ಸೌದೆ ಕಾದಾಗ ಅದರ ಒಣತೂಕದ ಸುಮಾರು ಮುಕ್ಕಾಲು ಪಾಲು ಅನಿಲರೂಪ ತಾಳಿ ಹೊರಬರುತ್ತದೆ, ಉಳಿಯುವುದು ಇದ್ದಿಲು. ನಾವು ಜ್ವಾಲೆಯೆಂದು ಕರೆಯುವುದು ಈ ಅನಿಲಗಳು ಉರಿಯುವುದನ್ನೇ. ಅವು ಚೆನ್ನಾಗಿ ಉರಿಯಬೇಕಾದರೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖವೂ ಸಾಕಷ್ಟು ಗಾಳಿಯೂ ಬೇಕು. ಇವೆರಡರಲ್ಲಿ ಒಂದು ಕೊರತೆಯಾದರೂ ಅನಿಲಗಳು ಹೊಗೆಯಾಗಿ ಹೊರಬೀಳುತ್ತವೆ. ಎಂದರೆ ಹೊಗೆಯೆಂಬುದು ಉರಿಯದೆ ಉಳಿದ ಸೌದೆಯೇ ಹೊರತು ಬೇರೆಯಲ್ಲ. ಪಾತ್ರೆಗೆ ಮಸಿ ಹತ್ತಿಸುವುದು, ಅಟ್ಟದಲ್ಲಿ ಇಲ್ಲಣವಾಗಿ ಜೋಲುವುದು, ಒಲೆಯ ಮುಂದೆ ಕುಳಿತವರ ಎದೆಯೊಳಗೆ ಇಳಿಯುವುದು ಎಲ್ಲವೂ ಆ ವ್ಯರ್ಥವಾದ ಸೌದೆಯೇ. ಮಕ್ಕಳ ನ್ಯುಮೋನಿಯಾ, ದೊಡ್ಡವರ ದೀರ್ಘಕಾಲದ ಶ್ವಾಸಕೋಶ ವ್ಯಾಧಿ, ಕಣ್ಣಿನ ಪೊರೆ ಇವುಗಳಿಗೂ ಮನೆಯೊಳಗಣ ಹೊಗೆಗೂ ಸಂಬಂಧವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು ಎಚ್ಚರಿಸಿದೆ. ಸೌದೆಯ ಉಳಿತಾಯವೂ ಆರೋಗ್ಯದ ರಕ್ಷಣೆಯೂ ಒಂದೇ ಕೆಲಸದ ಎರಡು ಮುಖಗಳೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆಗ ತಾನೆ ಕಡಿದ ಹಸಿಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ನೆರಳಿನಲ್ಲಿ ಗಾಳಿಯಾಡುವಂತೆ ಒಟ್ಟಿ ಒಣಗಿಸಿದರೆ ಅದು ಶೇಕಡಾ 15ರಿಂದ 20ಕ್ಕೆ ಇಳಿಯುತ್ತದೆ. ಹಸಿಸೌದೆಯನ್ನು ಒಲೆಗಿಟ್ಟವರು ಅನ್ನ ಬೇಯಿಸುವ ಮೊದಲು ಆ ನೀರನ್ನು ಕುದಿಸಿ ಆವಿಮಾಡಬೇಕು. ಅಷ್ಟರಲ್ಲಿ ಶಾಖವೆಲ್ಲ ಅದಕ್ಕೇ ಸಲ್ಲುತ್ತದೆ. ಮಳೆಗಾಲಕ್ಕೆ ಮುನ್ನವೇ ಸೌದೆ ಸೀಳಿ ಕೊಟ್ಟಿಗೆಯಲ್ಲಿ ಒಟ್ಟುತ್ತಿದ್ದ ನಮ್ಮ ಹಿರಿಯರು ಯಾವ ಶಾಸ್ತ್ರವನ್ನೂ ಓದಿರಲಿಲ್ಲ. ದಾಸೋಹದ ದೊಡ್ಡ ಒಲೆಗಳ ಮುಂದೆ ದುಡಿದವರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ: ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಿದಾಗ ಠಣ್ಣೆಂದರೆ ಒಣಗಿದೆ, ಮಂದವಾಗಿ ದಬ್ಬೆಂದರೆ ಇನ್ನೂ ಹಸಿ. ಕಣಗಿಲೆಯ ಕಡ್ಡಿಯನ್ನು ಮಾತ್ರ ಒಲೆಗೆ ಇಡಲೇಬಾರದು. ಅದರ ಹೊಗೆಯೂ ವಿಷ. ಈಚೆಗೆ ಹಾಲಿನ ಪ್ಲಾಸ್ಟಿಕ್ ಚೀಲದಿಂದ ಒಲೆ ಹೊತ್ತಿಸುವ ಅಭ್ಯಾಸ ಬೆಳೆದಿದೆ. ಇದನ್ನು ಕಂಡಲ್ಲಿ ತಡೆಯಬೇಕು. ಒಣಗಿದ ತೆಂಗಿನ ಗರಿಯೋ ತೊಗರಿ ಕಡ್ಡಿಯೋ ಇರುವ ಮನೆಯಲ್ಲಿ ಅದರ ಅವಶ್ಯಕತೆಯಾದರೂ ಏನು?

ಇನ್ನು ಒಲೆಯ ರಚನೆಯ ಮಾತು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಪಾತ್ರೆಗೆ ಮುಟ್ಟುತ್ತದೆ. ಉಳಿದುದು ಗಾಳಿಗೆ, ಗೋಡೆಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಈ ನಷ್ಟವನ್ನು ಕಡಿಮೆಮಾಡಲು ಮೂರು ಪಾತ್ರೆಗಳ ಒಲೆಯೊಂದನ್ನು ರೂಪಿಸಿತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮವು ಈ ಕೇಂದ್ರದ ಕಾರ್ಯಕ್ಷೇತ್ರವಾಗಿತ್ತು. ಅಸ್ತ್ರ ಒಲೆಯಲ್ಲಿ ಸೌದೆಯ ಕೆಳಗೆ ಜಾಲರಿಯುಂಟು. ಅದರಡಿಯಿಂದ ಗಾಳಿ ಏರುತ್ತದೆ, ಬೂದಿ ಕೆಳಗಿಳಿಯುತ್ತದೆ. ಬಿಸಿಗಾಳಿಯು ಮೂರೂ ಪಾತ್ರೆಗಳನ್ನು ಸವರಿ ಹೊಗೆಕೊಳವೆಯ ಮೂಲಕ ಛಾವಣಿಯಾಚೆಗೆ ಹೋಗುತ್ತದೆ. ಪ್ರಯೋಗಶಾಲೆಯಲ್ಲಿ ಈ ಒಲೆಯು ಶಾಖದ ಮೂರರಲ್ಲೊಂದು ಪಾಲಿಗೂ ಮಿಗಿಲಾಗಿ ಪಾತ್ರೆಗೆ ಒದಗಿಸಿತು.

ಆದರೆ ಪ್ರಯೋಗಶಾಲೆ ಬೇರೆ, ಅಡುಗೆಮನೆ ಬೇರೆ. ಈ ಒಲೆಯ ಗುಣವೆಲ್ಲ ಅಳತೆಯಲ್ಲಿದೆ. ಪಾತ್ರೆ ಕುಳಿಗೆ ಸರಿಯಾಗಿ ಕೂಡದಿದ್ದರೆ ಸಂದಿನಿಂದ ಹೊಗೆ ಹೊರಡುತ್ತದೆ. ದಪ್ಪ ಕೊರಡು ಹಿಡಿಸಲೆಂದು ಬಾಯನ್ನು ಅಗಲಿಸಿದರೆ ತಣ್ಣನೆಯ ಗಾಳಿ ನುಗ್ಗಿ ಉರಿ ಕುಗ್ಗುತ್ತದೆ. ಹಾಗೆ ಅಗಲಿಸಿದ ಗೃಹಿಣಿಯನ್ನು ದೂರುವುದು ಸುಲಭ. ಜೋಳದ ರೊಟ್ಟಿಯನ್ನು ಒಲೆಯ ಬಾಯಲ್ಲಿ ಕೆಂಡಕ್ಕೆ ಒಡ್ಡಿ ಉಬ್ಬಿಸಬೇಕಾದವಳಿಗೆ ಕಿರಿದಾದ ಬಾಯಿ ಸಾಲದೆಂಬುದನ್ನು ಒಲೆ ಕಟ್ಟಿದವರು ಕೇಳಿ ತಿಳಿಯಬೇಕಾಗಿತ್ತು. 1980ರ ದಶಕದಲ್ಲಿ ತೊಡಗಿ 2002ರಲ್ಲಿ ನಿಂತುಹೋದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ದೇಶಾದ್ಯಂತ ಅಸಂಖ್ಯ ಒಲೆಗಳನ್ನು ಕಟ್ಟಲಾಯಿತು. ಕಟ್ಟಿದುದರ ಲೆಕ್ಕವಿಟ್ಟಷ್ಟು ಶ್ರದ್ಧೆಯನ್ನು ಉಳಿದುದರ ಲೆಕ್ಕಕ್ಕೆ ತೋರಲಿಲ್ಲವೆಂಬುದು ನನ್ನ ಅಭಿಪ್ರಾಯ. ಒಡಿಶಾದ ಹಳ್ಳಿಗಳಲ್ಲಿ ಕೊಳವೆಯುಳ್ಳ ಒಲೆಗಳನ್ನು ಕೊಟ್ಟು, ನಾಲ್ಕು ವರ್ಷ ಗಮನಿಸಿ, ಎಸ್ತರ್ ಡಫ್ಲೊ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನೇ ತೋರಿಸುತ್ತದೆ. ಮೊದಲ ವರ್ಷ ಒಡಲೊಳಗೆ ಸೇರುವ ಹೊಗೆ ತಗ್ಗಿತು; ಮುಂದೆ ಆ ಪ್ರಯೋಜನ ಉಳಿಯಲಿಲ್ಲ. ಒಲೆಗಳನ್ನು ಸರಿಯಾಗಿ ಬಳಸಲಿಲ್ಲ, ದುರಸ್ತಿಮಾಡಲಿಲ್ಲ.

ದುರಸ್ತಿಯಾದರೂ ಎಷ್ಟರದು? ಪ್ರತಿದಿನ ಬೆಳಗ್ಗೆ ಜಾಲರಿಯ ಕೆಳಗಣ ಬೂದಿಯನ್ನು ಪೂರ್ತಿ ತೆಗೆಯಬೇಕು. ಬೂದಿ ತುಂಬಿದರೆ ಗಾಳಿಯ ದಾರಿಯೇ ಮುಚ್ಚಿದಂತೆ. ಬಿರುಕುಗಳಿಗೆ ವಾರಕ್ಕೊಮ್ಮೆ ಮಣ್ಣು ಸೆಗಣಿಯ ಗಾರೆ ಮೆತ್ತಬೇಕು. ತಿಂಗಳಿಗೊಮ್ಮೆ, ಒಲೆ ಪೂರ್ತಿ ಆರಿದ ಮೇಲೆ, ಉದ್ದ ಬಿದಿರಿಗೆ ತೆಂಗಿನ ನಾರು ಕಟ್ಟಿ ಕೊಳವೆಯ ಮಸಿಯನ್ನು ಕೆಡಹಬೇಕು. ಮಸಿ ಕೊಳವೆಯನ್ನು ಕಿರಿದಾಗಿಸುವುದಲ್ಲದೆ ತಾನೇ ಹೊತ್ತಿಕೊಳ್ಳಲೂಬಹುದು. ಹುಲ್ಲಿನ ಮಾಡಿಗೆ ಕೊಳವೆ ತಾಗಕೂಡದು. ಹಳೆಯ ಕೊಳವೆ ಕಲ್ನಾರಿನ ಸಿಮೆಂಟಿನದಾಗಿದ್ದರೆ ಅದನ್ನು ಗರಗಸದಿಂದ ಕೊಯ್ಯುವುದಾಗಲಿ ಉಜ್ಜುವುದಾಗಲಿ ಬೇಡ. ಆ ಧೂಳು ಶ್ವಾಸಕೋಶಕ್ಕೆ ಮಾರಕ. ಮಾಡನ್ನು ಏರುವ ಈ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಂಡರೆ ಒಳ್ಳೆಯದು. ಒಲೆ ಹೆಂಗಸರದೆಂಬ ಭಾವನೆಯಿಂದಲೇ ಎಷ್ಟೋ ಕೊಳವೆಗಳು ಕಟ್ಟಿಕೊಂಡಿವೆ.

ಬೆಂಕಿಯ ಅಪಾಯಗಳನ್ನು ಎಲ್ಲರೂ ಬಲ್ಲರು, ಆದರೂ ಎರಡು ಮಾತು. ಆರುತ್ತಿರುವ ಕೆಂಡದ ಮೇಲೆ ಸೀಮೆಎಣ್ಣೆ ಸುರಿದರೆ ಅದರ ಆವಿ ಒಮ್ಮೆಲೆ ಭುಗಿಲೆಂದು ಮುಖಕ್ಕೆ ಹೊಡೆಯುತ್ತದೆ. ನೈಲಾನ್, ಪಾಲಿಯೆಸ್ಟರ್ ಸೀರೆಯು ಉರಿಯುತ್ತ ಕರಗಿ ಮೈಗೆ ಅಂಟುವುದರಿಂದ ಒಲೆಯ ಮುಂದೆ ಹತ್ತಿಯ ಬಟ್ಟೆಯೇ ಲೇಸು, ಸೆರಗು ಸೊಂಟಕ್ಕೆ ಸಿಕ್ಕಿಸಿರಬೇಕು. ಸುಟ್ಟ ಜಾಗಕ್ಕೆ ಶಾಯಿ, ಹಿಟ್ಟು ಮುಂತಾದುವನ್ನು ಬಳಿಯದೆ 20 ನಿಮಿಷ ತಣ್ಣೀರು ಹರಿಯಬಿಡಬೇಕು. ಬೂದಿಯೊಳಗಣ ಕೆಂಡ ಮರುದಿನವೂ ಜೀವಂತವಾಗಿರಬಹುದಾದ್ದರಿಂದ ಅದನ್ನು ತಗಡಿನ ಡಬ್ಬಿಯಲ್ಲಿಟ್ಟು, ನೀರು ಚಿಮುಕಿಸಿ, ಆಮೇಲೆ ತಿಪ್ಪೆಗೆ ಹಾಕಬೇಕು. ಬಣವೆಯ ಬಳಿ ಸುರಿಯಬಾರದು.

ಬಚ್ಚಲ ಒಲೆಯ ಅಪಾಯ ಕಣ್ಣಿಗೆ ಕಾಣುವಂಥದಲ್ಲ. ಹೊಗೆ ನಿಂತು ಕೆಂಡ ಮಾತ್ರ ಉಳಿದಾಗ ಇನ್ನೇನೂ ಭಯವಿಲ್ಲವೆಂದು ಕಿಟಕಿ ಬಾಗಿಲು ಮುಚ್ಚಿ ಸ್ನಾನಕ್ಕೆ ಇಳಿಯುವವರುಂಟು. ಆ ಕೆಂಡದಿಂದಲೇ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಹೊರಡುತ್ತದೆ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟುವುದರಿಂದ, ಉಸಿರಾಡುತ್ತಿದ್ದರೂ ದೇಹಕ್ಕೆ ಆಮ್ಲಜನಕ ದೊರೆಯದು. ಸೌದೆ ಹಾಕುವ ಬಾಯಿ ಗೋಡೆಯ ಹೊರಮಗ್ಗುಲಿಗೆ ಇರುವಂತೆ ಹಂಡೆಯ ಒಲೆಯನ್ನು ಕಟ್ಟಿಸುವುದು ಉತ್ತಮ. ಈಗಾಗಲೇ ಒಳಗೇ ಇದ್ದಲ್ಲಿ, ಮೇಲೊಂದು ಬೆಳಕಿಂಡಿಯನ್ನೂ ಬಾಗಿಲಡಿಯಲ್ಲಿ ಸಂದನ್ನೂ ಬಿಡಿಸಿ, ನೀರು ತೋಡಿಕೊಂಡ ಮೇಲೆ ಕೆಂಡವನ್ನು ಹೊರಗೆ ತೆಗೆದು ಸ್ನಾನ ಮಾಡತಕ್ಕದ್ದು. ತಲೆನೋವು, ತಲೆಸುತ್ತು, ವಾಕರಿಕೆ ಕಂಡೊಡನೆ ಬಯಲಿಗೆ ಬರಬೇಕು. ಪ್ರಜ್ಞೆ ತಪ್ಪಿದವರನ್ನು ಗಾಳಿಗೆ ಎತ್ತಿ ತಂದು ಕೂಡಲೇ ಆಸ್ಪತ್ರೆಗೆ ಸೇರಿಸಬೇಕು.